ಡಿಂಗಿ (ಸಣ್ಣ ಹಾಯಿದೋಣಿ) ಸ್ಪರ್ಧೆ ನೋಡಿ ಬಂದ ಮೇಲೆ: ಕವ್ವಾಯಿ ಹಿನ್ನೀರಿನ ಪ್ರಯಾಣಕ್ಕೆ ದೋಣಿಯನ್ನು ಹೇಗೆ ಸಜ್ಜುಗೊಳಿಸಲಿ?

ಪ್ರಶ್ನೆ: ಶಿರಿಯಾ ಹೊಳೆಬದಿ

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ ಕಡೆಯವನು. ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ಎರಡು ವರ್ಷಗಳ ಹಿಂದೆ ಕೊಚ್ಚಿಯಿಂದ ಒಂದು ಹಳೆಯ ಹಾಯಿದೋಣಿಯನ್ನು ಕೊಂಡು ಲಾರಿಯಲ್ಲಿ ಊರಿಗೆ ತರಿಸಿದೆ. ಹದಿನಾರು ಅಡಿ ಉದ್ದದ ಪ್ಲೈವುಡ್ ದೋಣಿ, ಇಂಗ್ಲೆಂಡಿನ ವೇಫೇರರ್ ಮಾದರಿಯನ್ನು ಅನುಸರಿಸಿ ಕಟ್ಟಿದ್ದು. ನಡುವೆ ನೀರಿಗೆ ಇಳಿಬಿಡುವ, ಮೇಲಕ್ಕೆತ್ತಬಹುದಾದ ಹಲಗೆಯಾದ ಸೆಂಟರ್‌ಬೋರ್ಡ್, ಒಂದು ದೊಡ್ಡ ಹಾಯಿ, ಮುಂದೆ ಒಂದು ಸಣ್ಣ ಹಾಯಿ. ಎರಡು ಚಳಿಗಾಲ ಶಿರಿಯಾ ಹೊಳೆಯಲ್ಲಿ, ಅಳಿವೆಯಿಂದ ಈಚೆಗೆ, ಸಂಜೆಯ ಹೊತ್ತು ಓಡಿಸಿ ಕಲಿತಿದ್ದೇನೆ. ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ಆಚರಣೆಯ ದಿನವಾದ ಪತ್ತನಾಜೆ ಕಳೆಯುವ ಹೊತ್ತಿಗೆ ಅದನ್ನು ಮೇಲೆತ್ತಿ ಅಡಿಕೆ ಕೊಟ್ಟಿಗೆಯಲ್ಲಿ ಕವುಚಿ ಹಾಕುವುದು ರೂಢಿ. ಈಗಲೂ ಅಲ್ಲೇ ಇದೆ.

ಬರುವ ಜನವರಿಯಲ್ಲಿ ನಾನೂ ನನ್ನ ಭಾವನೂ ಇದೇ ದೋಣಿಯಲ್ಲಿ ನೀಲೇಶ್ವರದ ಕೋಟ್ಟಪುರಂನಿಂದ ಹೊರಟು, ವಲಿಯಪರಂಬ ದ್ವೀಪದ ಒಳಬದಿಯ ಹಿನ್ನೀರಿನಲ್ಲಿ ತೆಂಕಣಕ್ಕೆ ಕವ್ವಾಯಿವರೆಗೆ ಹೋಗಿ, ಮೂರು ರಾತ್ರಿಗಳನ್ನು ದಾರಿಯಲ್ಲಿ ಕಳೆದು ಹಿಂದಿರುಗಬೇಕೆಂದು ನಿಶ್ಚಯಿಸಿದ್ದೇವೆ. ಅದಕ್ಕಾಗಿ ಈ ಮಳೆಗಾಲದಲ್ಲಿ ಏನೇನು ಮಾಡಬೇಕೆಂಬ ಪಟ್ಟಿಯೊಂದನ್ನು ಜೂನ್ ತಿಂಗಳಲ್ಲೇ ಬರೆದಿದ್ದೆ. ಬಣ್ಣ, ಹೊಸ ಹಗ್ಗ, ಲಂಗರು, ಟಾರ್ಪಾಲಿನ ಚಪ್ಪರ, ಅಡುಗೆಯ ಸ್ಟೌ ಎಲ್ಲವೂ ಅದರಲ್ಲಿದ್ದವು.

ಜುಲೈಯಲ್ಲಿ ಸಿಕಂದರಾಬಾದಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಹುಸೇನ್ ಸಾಗರದಲ್ಲಿ ಪ್ರತಿ ಮಳೆಗಾಲ ನಡೆಯುವ ಮಾನ್ಸೂನ್ ರೆಗಾಟ್ಟಾ ಎಂಬ ಹಾಯಿದೋಣಿ ಸ್ಪರ್ಧೆಯನ್ನು ಮೂರು ದಿನ ದಡದಲ್ಲಿ ನಿಂತು ನೋಡಿದೆ. ಅದರ ನಂತರ ನನ್ನ ಪಟ್ಟಿಯ ಮೇಲೆ ನನಗೇ ನಂಬಿಕೆ ಉಳಿದಿಲ್ಲ. ಈ ಪ್ರಶ್ನೆಯನ್ನು ಬರೆಯಲು ಅದೇ ಕಾರಣ.

ಅಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳು ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿಗಳಲ್ಲಿ ಒಬ್ಬೊಬ್ಬರೇ ಕುಳಿತು ಸ್ಪರ್ಧಿಸುತ್ತಾರೆ. 1947ರಲ್ಲಿ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರ ಮಕ್ಕಳಿಗಾಗಿಯೇ ರೂಪಿಸಿದ ಈ ದೋಣಿಯ ಉದ್ದ ಬರೇ 2.36 ಮೀಟರ್; ಮೂತಿ ಮೊಂಡಾದ ಒಂದು ಪೆಟ್ಟಿಗೆಯಂತೆ ಕಾಣುತ್ತದೆ. ಹನ್ನೆರಡರ ಆಸುಪಾಸಿನ ಒಬ್ಬ ಹುಡುಗಿ ನೀರಿಗಿಳಿಯುವ ಮೊದಲು ನನ್ನಿಂದ ನಾಲ್ಕು ಮಾರು ದೂರದಲ್ಲಿ ದೋಣಿಯ ಪಕ್ಕ ಮಂಡಿಯೂರಿ ಕುಳಿತಳು. ಒಳಗಿನ ಮೂರು ಗಾಳಿಚೀಲಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ನೋಡಿದಳು. ನೀರು ಮೊಗೆಯುವ ಡಬ್ಬಿಯನ್ನು ಕಟ್ಟಿದ ದಾರವನ್ನು ಎರಡು ಸಲ ಜಗ್ಗಿದಳು. ದೋಣಿ ಮಗುಚಿದರೂ ಕೂವೆಮರ (ಹಾಯಿ ಏರಿಸುವ ಕಂಬ) ಬುಡದಿಂದ ಕಳಚದಂತೆ ಬಿಗಿಯುವ ಹಗ್ಗವೊಂದಿದೆ. ಅದರ ಗಂಟು ಸರಿಯಾಗಿಯೇ ಇದ್ದಂತೆ ನನಗೆ ಕಂಡಿತು, ಆದರೂ ಅವಳು ಅದನ್ನು ಬಿಚ್ಚಿ ಮತ್ತೆ ಕಟ್ಟಿದಳು. ಯಾರೂ ಅವಳಿಗೆ ಹೇಳಿಕೊಡುತ್ತಿರಲಿಲ್ಲ. ಎರಡು ವರ್ಷಗಳಲ್ಲಿ ಒಂದು ದಿನವೂ ನಾನು ನನ್ನ ದೋಣಿಯನ್ನು ಈ ರೀತಿ ಮುಟ್ಟಿ ನೋಡಿಲ್ಲ.

ಮರುದಿನ ಮಧ್ಯಾಹ್ನ ಬುದ್ಧನ ವಿಗ್ರಹದ ಕಡೆಯಿಂದ ಮಳೆಯೊಡನೆ ಬಿರುಗಾಳಿ ನುಗ್ಗಿತು. ಇಬ್ಬರು ಓಡಿಸುವ, 4.2 ಮೀಟರ್ ಉದ್ದದ 420 ಎಂಬ ವರ್ಗದ ದೋಣಿಯೊಂದು ನನ್ನ ಕಣ್ಣೆದುರಿಗೇ ಮಗುಚಿ, ಹಾಯಿ ನೀರಿನ ಮೇಲೆ ಚಾಪೆಯಂತೆ ಹಾಸಿಕೊಂಡಿತು. ನಾನು ಕೈಗಡಿಯಾರ ನೋಡಿದೆ. ಒಬ್ಬ ಹುಡುಗ ಸೆಂಟರ್‌ಬೋರ್ಡಿನ ಮೇಲೆ ಹತ್ತಿ ನಿಂತು ಹಿಂದಕ್ಕೆ ಬಾಗಿದ, ಇನ್ನೊಬ್ಬ ನೀರಿನಲ್ಲಿದ್ದುಕೊಂಡೇ ಹಗ್ಗ ಸಡಿಲಿಸಿದ; ಒಂದು ನಿಮಿಷ ಹತ್ತು ಸೆಕೆಂಡಿನಲ್ಲಿ ಅವರು ಮತ್ತೆ ಓಟದಲ್ಲಿದ್ದರು. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಇಷ್ಟು: ನನ್ನ ದೋಣಿ ಒಮ್ಮೆಯೂ ಮಗುಚಿಲ್ಲ, ಆದ್ದರಿಂದ ಮಗುಚಿದರೆ ಏನಾಗುತ್ತದೆಂಬುದು ನನಗೆ ಗೊತ್ತೇ ಇಲ್ಲ. ಅರುವತ್ತೆರಡು ವರ್ಷದ ನಾನು, ಐವತ್ತೆಂಟರ ಭಾವ, ಮೂರು ದಿನದ ಸಾಮಾನು ತುಂಬಿದ ದೋಣಿ.

ಅನುಭವವಿದ್ದವರಲ್ಲಿ ನನ್ನ ವಿನಂತಿ ಇದು. ಸ್ಪರ್ಧೆಯ ದೋಣಿಗಳಲ್ಲಿ ಕಂಡ ಸಾಧನಗಳಲ್ಲಿ, ಅಂದರೆ ಹಾಯಿಯ ಕೆಳ ಅಂಚಿನ ಅಡ್ಡಕೋಲಾದ ಬೂಮನ್ನು ಕೆಳಕ್ಕೆ ಎಳೆದಿಡುವ ವ್ಯಾಂಗ್, ಹಾಯಿಯ ಮುಂದಂಚನ್ನು ಬಿಗಿಯುವ ಕನಿಂಗ್‌ಹ್ಯಾಮ್, ಕಾಲು ಸಿಕ್ಕಿಸಿ ಹೊರಕ್ಕೆ ಬಾಗುವ ಪಟ್ಟಿ, ಕೂವೆಮರದ ತಂತಿಗೆ ತೂಗಿಕೊಂಡು ದೋಣಿಯ ಹೊರಗೆ ನಿಲ್ಲುವ ಟ್ರಪೀಜ್ ಇವುಗಳಲ್ಲಿ ನಮ್ಮಂಥ ಪ್ರಯಾಣದ ದೋಣಿಗೆ ಯಾವುದು ನಿಜವಾಗಿ ಬೇಕು? ಹಾಯಿಗೆ ಈಗ ಒಂದೂ ರೀಫ್ (ಗಾಳಿ ಹೆಚ್ಚಿದಾಗ ಹಾಯಿಯನ್ನು ಮಡಚಿ ಕಿರಿದು ಮಾಡುವ ಏರ್ಪಾಡು) ಇಲ್ಲ, ಎಷ್ಟು ಹೊಲಿಸಬೇಕು? ಮಗುಚಿದ ದೋಣಿಯನ್ನು ಎತ್ತುವ ಅಭ್ಯಾಸವನ್ನು ನಮ್ಮ ವಯಸ್ಸಿನವರು ಹೇಗೆ ಮಾಡಬೇಕು? ಕವ್ವಾಯಿ ಹಿನ್ನೀರನ್ನು ಬಲ್ಲವರಿದ್ದರೆ ದಾರಿಯ ಕುರಿತು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಬದಿಯಡ್ಕದವ, ಈಗ ಬೆಂಗಳೂರು

ಮಾಸ್ಟ್ರೇ, ನಮಸ್ಕಾರ. ನಾನು ಎಂಟು ವರ್ಷ ಎಂಟರ್‌ಪ್ರೈಸ್ ವರ್ಗದ ದೋಣಿಯಲ್ಲಿ ಸ್ಪರ್ಧಿಸಿದ್ದೇನೆ. ಆಮೇಲಿನ ಹತ್ತು ವರ್ಷ ಕೇರಳದ ಹಿನ್ನೀರುಗಳಲ್ಲಿ ನಿಧಾನವಾಗಿ ತಿರುಗಾಡಿದ್ದೇನೆ. ಎರಡನ್ನೂ ಮಾಡಿದವನಾದ್ದರಿಂದ ನಿಮ್ಮ ಪ್ರಶ್ನೆ ನನಗೆ ಬಹಳ ಹತ್ತಿರದ್ದು. ಆ ಹುಡುಗಿ ಗಂಟು ಬಿಚ್ಚಿ ಕಟ್ಟಿದ್ದನ್ನು ನೀವು ಗಮನಿಸಿದಿರಲ್ಲ, ಸ್ಪರ್ಧೆಯಿಂದ ಪ್ರಯಾಣಿಕನು ಮೊದಲು ಕಲಿಯಬೇಕಾದದ್ದು ಅದನ್ನೇ.

ಸಾಧನಗಳ ವಿಷಯಕ್ಕೆ ಬರುತ್ತೇನೆ. ವ್ಯಾಂಗ್ ಖಂಡಿತ ಬೇಕು. ಹಿಂಗಾಳಿಯಲ್ಲಿ ಹೋಗುವಾಗ ಬೂಮ್ ಮೇಲಕ್ಕೇಳುತ್ತದೆ, ಹಾಯಿಯ ಮೇಲ್ಭಾಗ ಮುಂದಕ್ಕೆ ತಿರುಚಿಕೊಳ್ಳುತ್ತದೆ, ದೋಣಿ ತೊಟ್ಟಿಲಿನಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಹೊಸಬರು ಮಗುಚುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲಿಯೇ. ಮೂರು ರಾಟೆಗಳ ಒಂದು ಸಾದಾ ವ್ಯಾಂಗ್ ಇದನ್ನು ತಡೆಯುತ್ತದೆ. ಕಾಲುಪಟ್ಟಿಯೂ ಇರಲಿ, ಆದರೆ ಅದನ್ನು ನೆಚ್ಚಿ ಜೋರು ಗಾಳಿಯಲ್ಲಿ ಪೂರ್ತಿ ಹಾಯಿ ಏರಿಸಬೇಡಿ. ಕನಿಂಗ್‌ಹ್ಯಾಮ್ ಸದ್ಯಕ್ಕೆ ಬೇಡ. ಟ್ರಪೀಜಿನ ಯೋಚನೆಯನ್ನೇ ಬಿಡಿ.

ಕಾಲುಪಟ್ಟಿಯ ಮಾತನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಎರಡು ಬಗೆಯ ದೋಣಿಗಾರಿಕೆಯ ನಡುವಿನ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ಸ್ಪರ್ಧೆಯ ದೋಣಿಗಳಲ್ಲಿ ಬಹುತೇಕ ಹಾಯಿಗಳಿಗೆ ರೀಫ್ ಇರುವುದಿಲ್ಲ. ಗಾಳಿ ಹೆಚ್ಚಿದಾಗ ಓಡಿಸುವವನ ದೇಹದ ತೂಕವೇ ದೋಣಿಯನ್ನು ನೆಟ್ಟಗೆ ಹಿಡಿಯಬೇಕು. ಹಿಂದೆ ಲೇಸರ್ ಎಂದು ಕರೆಯುತ್ತಿದ್ದ ಐಎಲ್‌ಸಿಎ ದೋಣಿಯನ್ನೇ ನೋಡಿ: 4.23 ಮೀಟರ್ ಉದ್ದದ ಒಂದೇ ಒಡಲಿಗೆ 4.7, 5.76, 7.06 ಚದರ ಮೀಟರ್ ಎಂಬ ಮೂರು ಅಳತೆಯ ಹಾಯಿಗಳಿವೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನೇಹಾ ಠಾಕೂರ್ ಬೆಳ್ಳಿ ಗೆದ್ದದ್ದು ಅತಿ ಚಿಕ್ಕ ಹಾಯಿಯ ವರ್ಗದಲ್ಲಿ, ವಿಷ್ಣು ಸರವಣನ್ ಕಂಚು ಗೆದ್ದದ್ದು ಅತಿ ದೊಡ್ಡ ಹಾಯಿಯ ವರ್ಗದಲ್ಲಿ. ಅಂದರೆ ಅವರೂ ತಮ್ಮ ಮೈತೂಕಕ್ಕೆ ತಕ್ಕ ಹಾಯಿಯನ್ನೇ ಏರಿಸುತ್ತಾರೆ, ಆದರೆ ದಡದಲ್ಲಿ. ಒಂದು ಓಟ ಹೆಚ್ಚೆಂದರೆ ಗಂಟೆಯೊಳಗೆ ಮುಗಿಯುತ್ತದೆ, ಹತ್ತಿರದಲ್ಲಿ ರಕ್ಷಣಾ ದೋಣಿ ನಿಂತಿರುತ್ತದೆ. ನೀವು ದಿನಕ್ಕೆ ಐದಾರು ಗಂಟೆ ನೀರಿನಲ್ಲಿರುತ್ತೀರಿ, ಹತ್ತಿರ ಯಾರೂ ಇರುವುದಿಲ್ಲ. ನಿಮ್ಮ ಹಾಯಿಯ ಅಳತೆ ನೀರಿನ ಮೇಲೆಯೇ ಬದಲಾಗುವಂತಿರಬೇಕು.

ಆದ್ದರಿಂದ ಎರಡು ರೀಫ್ ಹೊಲಿಸಿ. ಮೊದಲನೆಯದು ದೊಡ್ಡ ಹಾಯಿಯ ಕಾಲು ಭಾಗವನ್ನು, ಎರಡನೆಯದು ಹೆಚ್ಚುಕಡಿಮೆ ಅರ್ಧವನ್ನು ಕಡಿಮೆ ಮಾಡುವಂತಿರಲಿ. ನೀವು ಗಣಿತದವರು, ಲೆಕ್ಕ ನಿಮಗೆ ಹೇಳಬೇಕಾಗಿಲ್ಲ: ಹಾಯಿಯ ಮೇಲಿನ ಒತ್ತಡ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಹಾಗಾಗಿ ಗಾಳಿ 10 ನಾಟ್‌ನಿಂದ 14ಕ್ಕೆ ಏರಿದಾಗ ಒತ್ತಡ ಸುಮಾರು ಇಮ್ಮಡಿಯಾಗಿರುತ್ತದೆ, ಆದರೆ ಕುಳಿತವನಿಗೆ ‘ಸ್ವಲ್ಪ ಜೋರಾಯಿತು’ ಎಂದಷ್ಟೇ ಅನಿಸುತ್ತದೆ. ನೀರಿನ ಮೇಲೆ ಬಿಳಿ ನೊರೆ ಅಲ್ಲೊಂದು ಇಲ್ಲೊಂದು ಕಂಡಾಗಲೇ ಮೊದಲ ರೀಫ್ ಹಾಕಿಬಿಡಿ. ರೀಫ್ ಹಾಕುವ ಕ್ರಮವನ್ನು ಅಂಗಳದಲ್ಲಿ ದೋಣಿಯನ್ನು ನಿಲ್ಲಿಸಿ, ಕೂವೆಮರ ಏರಿಸಿ, ಇಪ್ಪತ್ತು ಸಲವಾದರೂ ಮಾಡಿ. ಹಾಯಿಯನ್ನು ಸಡಿಲಿಸುವುದು, ಹಾಯಿಯ ಮುಂದಂಚಿನ ಕಣ್ಣನ್ನು (ತೂತನ್ನು) ಕೊಕ್ಕೆಗೆ ಸಿಕ್ಕಿಸುವುದು, ಹಿಂದಿನ ಹಗ್ಗವನ್ನು ಎಳೆದು ಬಿಗಿಯುವುದು, ಹಾಯಿಯನ್ನು ಮತ್ತೆ ಏರಿಸುವುದು: ಈ ನಾಲ್ಕೂ ಕಣ್ಣು ಮುಚ್ಚಿದರೂ ಕೈಗೆ ಬರಬೇಕು.

ನಿಮ್ಮ ಮಾದರಿಯ ದೋಣಿಯ ಬಗ್ಗೆ ಒಂದು ಧೈರ್ಯದ ಮಾತು. ಇಯಾನ್ ಪ್ರಾಕ್ಟರ್ 1957ರಲ್ಲಿ ವಿನ್ಯಾಸಗೊಳಿಸಿದ ವೇಫೇರರ್ 4.82 ಮೀಟರಿನ ತೆರೆದ ದೋಣಿ; ಅದರಲ್ಲಿ ಫ್ರ್ಯಾಂಕ್ ಡೈ ಎಂಬವರು ಒಬ್ಬ ಸಂಗಾತಿಯೊಡನೆ 1963ರಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲೆಂಡಿಗೂ ಮರುವರ್ಷ ನಾರ್ವೆಗೂ ಹೋದರು. ನಾರ್ವೆಯ ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಹಲವು ಸಲ ಮಗುಚಿತು, ಕೂವೆಮರವೂ ಮುರಿಯಿತು. ಆದರೂ ಅವರು ದಡ ಸೇರಿದರು, ಏಕೆಂದರೆ ದೋಣಿಯನ್ನು ತೇಲಿಸುವ ಗಾಳಿತೊಟ್ಟಿಗಳು ಭದ್ರವಾಗಿದ್ದವು ಮತ್ತು ಮಗುಚಿದ್ದನ್ನು ಎತ್ತುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ದೋಣಿಯ ಮುಂದಿನ ಮತ್ತು ಹಿಂದಿನ ತೊಟ್ಟಿಗಳ ಮುಚ್ಚಳಗಳು ನೀರು ಬಿಡದಂತಿವೆಯೇ ಎಂಬುದನ್ನು ಬಣ್ಣಕ್ಕಿಂತ ಮೊದಲು ನೋಡಿ.

ಇನ್ನು ಅಭ್ಯಾಸ. ಮಳೆಯ ನೆರೆ ಇಳಿದ ಮೇಲೆ, ಅಕ್ಟೋಬರಿನಲ್ಲಿ, ಗಾಳಿ ಇಲ್ಲದ ಬೆಳಗ್ಗೆ, ಎರಡು ಮೀಟರ್ ಆಳದ ನೀರಿನಲ್ಲಿ, ದಡದಲ್ಲಿ ಈಜು ಬಲ್ಲ ಇಬ್ಬರು ಯುವಕರನ್ನು ಇನ್ನೊಂದು ದೋಣಿಯೊಡನೆ ನಿಲ್ಲಿಸಿ, ಲೈಫ್ ಜಾಕೆಟ್ ತೊಟ್ಟು, ಬೇಕೆಂದೇ ದೋಣಿಯನ್ನು ಮಗುಚಿ. ಮೊದಲು ಇಬ್ಬರೂ ಪರಸ್ಪರ ಕೂಗಿ ಮಾತಾಡಿಕೊಳ್ಳಬೇಕು. ಒಬ್ಬರು ಬುಡದ ಕಡೆ ಹೋಗಿ ಸೆಂಟರ್‌ಬೋರ್ಡ್ ಪೂರ್ತಿ ಹೊರಗಿದೆಯೇ ನೋಡಬೇಕು; ಇನ್ನೊಬ್ಬರು ಒಳಬದಿಯಲ್ಲಿ ಹಾಯಿಯ ಹಗ್ಗಗಳನ್ನೆಲ್ಲ ಸಡಿಲಿಸಿ, ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ, ಆಮೇಲೆ ದೋಣಿಯೊಳಗೆ ತೇಲುತ್ತ ಮಲಗಬೇಕು. ಹೊರಗಿನವರು ಬೋರ್ಡಿನ ತುದಿಗಲ್ಲ, ಬುಡಕ್ಕೆ ಹತ್ತಿರ ಕಾಲಿಟ್ಟು ನಿಧಾನವಾಗಿ ಹಿಂದಕ್ಕೆ ಬಾಗಬೇಕು. ದೋಣಿ ನೆಟ್ಟಗಾದಾಗ ಒಳಗಿನವರು ತಾವಾಗಿಯೇ ದೋಣಿಯೊಳಗೆ ಬಂದಿರುತ್ತಾರೆ. ದೋಣಿ ಪೂರ್ತಿ ತಲೆಕೆಳಗಾದರೆ ಎತ್ತುವುದು ಬಹಳ ಕಷ್ಟ. ಅದನ್ನು ತಡೆಯಲು ಕೂವೆಮರದ ತುದಿಗೆ ಐದು ಲೀಟರಿನ ಖಾಲಿ ಕ್ಯಾನನ್ನು ಬಿಗಿಯಾಗಿ ಮುಚ್ಚಿ ಕಟ್ಟಿದರೂ ಸಾಕು. ನಿಮ್ಮ ವಯಸ್ಸಿನವರಿಗೆ ಎತ್ತುವುದಕ್ಕಿಂತ ಒಳಗೆ ಹತ್ತುವುದೇ ಕಷ್ಟವಾಗುತ್ತದೆ. ಹಿಂಬದಿಯಲ್ಲಿ ನೀರಿನೊಳಗೆ ಒಂದು ಅಡಿ ಇಳಿಬೀಳುವ ಹಗ್ಗದ ಮೆಟ್ಟಿಲೊಂದನ್ನು ಕಟ್ಟಿಡಿ.

ಒಂದು ಸಲ ಖಾಲಿ ದೋಣಿಯಲ್ಲಿ ಮಾಡಿ, ಇನ್ನೊಂದು ಸಲ ಪ್ರಯಾಣದ ಸಾಮಾನಿನಷ್ಟೇ ತೂಕದ ನೀರಿನ ಕ್ಯಾನುಗಳನ್ನು ತುಂಬಿ ಮಾಡಿ. ಎರಡೂ ಒಂದೇ ಅಲ್ಲ.

ಉತ್ತರ 2: ತೇಜಸ್ವಿನಿ ದಡ

ಮಾಸ್ಟ್ರಿಗೆ ನಮಸ್ಕಾರ. ನಾನು ಮಂಜೇಶ್ವರದವನು, ಇಪ್ಪತ್ತೆರಡು ವರ್ಷಗಳಿಂದ ಚೆರುವತ್ತೂರಿನ ಕಡೆ ಇದ್ದೇನೆ, ನನ್ನ ಉದ್ಯೋಗವೇ ಈ ಹಿನ್ನೀರಿನಲ್ಲಿ. ಬದಿಯಡ್ಕದ ಅಣ್ಣ ದೋಣಿಯ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ದಾರಿಯನ್ನಷ್ಟೇ ಹೇಳುತ್ತೇನೆ.

ನೀವು ಹೇಳಿದ ಜನವರಿ ತಿಂಗಳು ಗಾಳಿಗೆ ಒಳ್ಳೆಯದು, ಆದರೆ ಪಡನ್ನ ಮತ್ತು ಚೆರುವತ್ತೂರಿನ ಆಸುಪಾಸಿನಲ್ಲಿ ಆಗ ನೀರು ತುಂಬ ಕಂಬಗಳಿರುತ್ತವೆ. ಇಲ್ಲಿಯವರು ಕಲ್ಲುಮ್ಮಕ್ಕಾಯ ಎನ್ನುವ, ನಮ್ಮಲ್ಲಿ ಪಚ್ಚಿಲೆ ಎನ್ನುವ ಚಿಪ್ಪುಮೀನಿನ ಕೃಷಿ ಇದು. ಮಳೆ ಮುಗಿದು ನೀರಿಗೆ ಮತ್ತೆ ಉಪ್ಪು ಏರಿದ ಮೇಲೆ, ನವೆಂಬರ್-ಡಿಸೆಂಬರಿನಲ್ಲಿ, ಬಿದಿರು ಮತ್ತು ಅಡಿಕೆ ಮರದ ಕಂಬ ನೆಟ್ಟು, ಅಡ್ಡ ಕೋಲು ಕಟ್ಟಿ, ಮರಿಗಳನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದ ಹಗ್ಗಗಳನ್ನು ಸಾಲಾಗಿ ಇಳಿಬಿಡುತ್ತಾರೆ. ಮಳೆ ಬರುವ ಮೊದಲು, ಏಪ್ರಿಲ್-ಮೇ ತಿಂಗಳಲ್ಲಿ, ಕೊಯ್ಲು. ಇಳಿತದಲ್ಲಿ ಕಂಬದ ತಲೆಗಳು ಕಾಣುತ್ತವೆ, ಉಬ್ಬರದಲ್ಲಿ ಕೆಲವು ನೀರಿನಡಿ ಒಂದು ಗೇಣು ಮುಳುಗಿರುತ್ತವೆ. ನಿಮ್ಮ ಸೆಂಟರ್‌ಬೋರ್ಡ್ ಒಂದು ಹಗ್ಗಕ್ಕೆ ಸಿಕ್ಕಿದರೆ ನಿಮ್ಮ ದೋಣಿಗೂ ಕೇಡು. ಅದಕ್ಕಿಂತ ಹೆಚ್ಚಾಗಿ ಸ್ವಸಹಾಯ ಸಂಘದ ಹೆಂಗಸರು ಸಾಲ ಮಾಡಿ ಹಾಕಿದ ಬೆಳೆಗೆ ಕೇಡು. ದಯವಿಟ್ಟು ಕಂಬಗಳ ಸಾಲಿನ ನಡುವೆ ಹೋಗಲೇಬೇಡಿ. ಪ್ರಯಾಣಿಕರ ಬೋಟುಗಳು ಓಡಾಡುವ ಜಾಡಿನಲ್ಲಿಯೇ ಇರಿ, ಅಲ್ಲಿ ಹಾಯಿ ಇಳಿಸಿ ಹುಟ್ಟು ಹಾಕಿಕೊಂಡು ಹೋದರೂ ಅಡ್ಡಿಯಿಲ್ಲ.

ಎರಡನೆಯದು, ಕೋಟ್ಟಪುರಂ ಅಳಿವೆಗೆ ಬಹಳ ಹತ್ತಿರ. ನೀಲೇಶ್ವರ ಹೊಳೆಯೂ ತೇಜಸ್ವಿನಿಯೂ ಸೇರಿ ಅಳಿತ್ತಲದಲ್ಲಿ ಸಮುದ್ರಕ್ಕಿಳಿಯುತ್ತವೆ. ಇಳಿತದ ಹೊತ್ತಿಗೆ ಅಲ್ಲಿ ನೀರಿನ ಸೆಳೆತ ಜೋರು. ಎದುರಿನಿಂದ ಅಲೆ ಬಂದರೆ ಅಳಿವೆಬಾಗಿಲಿನಲ್ಲಿ ತೆರೆ ಒಡೆಯುತ್ತದೆ, ಯಂತ್ರದ ದೋಣಿಯವರೂ ಕಾದು ನಿಲ್ಲುತ್ತಾರೆ. ಆದ್ದರಿಂದ ನೀವು ಹೊರಡುವುದು ನೀರು ಏರುವ ಹೊತ್ತಿನಲ್ಲೇ ಆಗಬೇಕು. ಗಾಳಿ ಕೈಕೊಟ್ಟರೂ ಏರುವ ನೀರು ನಿಮ್ಮನ್ನು ಒಳಕ್ಕೆ ಒಯ್ಯುತ್ತದೆ, ಇಳಿಯುವ ನೀರಾದರೆ ಕಡಲಿಗೆ ಒಯ್ಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ಸೆಳೆತ ಹೆಚ್ಚು, ಅಷ್ಟಮಿಯ ಆಸುಪಾಸು ಕಡಿಮೆ. ಪಂಚಾಂಗ ನೋಡಿ ಅಷ್ಟಮಿಯ ಹಿಂದುಮುಂದಿನ ನಾಲ್ಕು ದಿನ ಆರಿಸಿಕೊಳ್ಳಿ.

ಗಾಳಿಯ ಲೆಕ್ಕ ಹೀಗಿದೆ. ಜನವರಿಯಲ್ಲಿ ಬೆಳಗ್ಗೆ ಮೂಡಣದಿಂದ ತಂಪಾದ ನೆಲಗಾಳಿ ಬರುತ್ತದೆ, ಹತ್ತು ಗಂಟೆಯ ಹೊತ್ತಿಗೆ ಸತ್ತುಹೋಗುತ್ತದೆ. ಒಂದೆರಡು ಗಂಟೆ ಎಲೆ ಅಲುಗುವುದಿಲ್ಲ. ಮಧ್ಯಾಹ್ನದಿಂದ ವಾಯವ್ಯದ ಕಡಲಗಾಳಿ ಎದ್ದು ಮೂರು ನಾಲ್ಕು ಗಂಟೆಗೆ ಅತ್ಯಂತ ಜೋರಾಗುತ್ತದೆ. ತೆಂಕಣಕ್ಕೆ ಹೋಗುವಾಗ ಮಧ್ಯಾಹ್ನದ ಗಾಳಿ ನಿಮ್ಮ ಬೆನ್ನಿಗಿರುತ್ತದೆ, ಸುಖ. ಹಿಂದಿರುಗುವಾಗ ಅದೇ ಎದುರುಗಾಳಿ. ಆ ಕಿರಿದಾದ ಜಾಡಿನಲ್ಲಿ ಎದುರುಗಾಳಿಗೆ ಅಂಕುಡೊಂಕಾಗಿ ಏರುತ್ತ ಬರುವುದು ಇಬ್ಬರಿಗೆ ಆಗದ ಮಾತು. ಆದ್ದರಿಂದ ಬರುವಾಗ ಬೆಳಕು ಹರಿಯುತ್ತಲೇ ಲಂಗರು ಎತ್ತಿ, ಅಡ್ಡಗಾಳಿಯಾಗಿ ಸಿಗುವ ನೆಲಗಾಳಿಯಲ್ಲಿ ಹತ್ತರವರೆಗೆ ಎಷ್ಟಾಗುತ್ತದೋ ಅಷ್ಟು ಬನ್ನಿ, ಅನಂತರ ದಡದಲ್ಲಿ ವಿಶ್ರಮಿಸಿ. ಹೋಗಲು ಒಂದೂವರೆ ದಿನ, ಬರಲು ಎರಡೂವರೆ ದಿನ ಇಟ್ಟುಕೊಳ್ಳಿ. ವಲಿಯಪರಂಬ ಸುಮಾರು 24 ಕಿಲೋಮೀಟರ್ ಉದ್ದದ ತೆಳ್ಳಗಿನ ದ್ವೀಪ, ಉದ್ದಕ್ಕೂ ತೆಂಗು. ತೋಟದ ಮರೆಯಲ್ಲಿ ಗಾಳಿ ಇಲ್ಲವೆಂದು ಹಾಯಿಯ ಹಗ್ಗವನ್ನು ಗೂಟಕ್ಕೆ ಕಟ್ಟಿ ಕೂರಬೇಡಿ. ತೋಟ ಮುಗಿದ ಬಯಲಿನಲ್ಲಿ ಅದು ಒಮ್ಮೆಲೇ ಮೇಲೆ ಬೀಳುತ್ತದೆ.

ಕೊನೆಯದಾಗಿ, ಇದನ್ನು ಅತಿ ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ಬೇಡುತ್ತೇನೆ: ದಾರಿಯಲ್ಲಿ ಸೇತುವೆಗಳಿವೆ, ನೀರಿನ ಮೇಲೆ ಅಡ್ಡ ಹಾಯುವ ವಿದ್ಯುತ್ ತಂತಿಗಳೂ ಇವೆ. ನಿಮ್ಮ ಕೂವೆಮರ ಆರು ಮೀಟರಿಗಿಂತ ಎತ್ತರವಿದ್ದೇ ಇರುತ್ತದೆ, ಅದು ಅಲ್ಯೂಮಿನಿಯಮ್ಮಿನದಾದರೆ ತಂತಿಗೆ ತಾಗುವುದೇ ಬೇಡ, ಸಮೀಪಕ್ಕೆ ಹೋದರೂ ಪ್ರಾಣಕ್ಕೆ ಅಪಾಯ. ಒಮ್ಮೆ ಯಂತ್ರದ ದೋಣಿಯಲ್ಲಿ ಪೂರ್ತಿ ದಾರಿಯನ್ನು ನನ್ನೊಡನೆ ನೋಡಿಬನ್ನಿ. ಪ್ರತಿಯೊಂದು ಸೇತುವೆ, ಪ್ರತಿಯೊಂದು ತಂತಿಯನ್ನು ನಕ್ಷೆಯಲ್ಲಿ ಗುರುತಿಸೋಣ. ಅದಕ್ಕೆ ಮುಂಚೆ ಕೂವೆಮರವನ್ನು ನೀರಿನ ಮೇಲೆ, ಇಬ್ಬರೇ, ಇಳಿಸಿ ಏರಿಸುವಂತೆ ಬುಡದಲ್ಲಿ ಕೀಲು ಮಾಡಿಸಿಕೊಳ್ಳಿ.

ಉತ್ತರ 3: ಚಂದ್ರಗಿರಿ ದಡದ ಬಡಗಿ

ದೋಣಿ ಕೊಟ್ಟಿಗೆಯಲ್ಲಿ ಕವುಚಿಕೊಂಡಿರುವಾಗಲೇ ಮರದ ಪರೀಕ್ಷೆ ಮುಗಿಸಿ, ಮಾಸ್ಟ್ರೇ. ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಒಳ್ಳೆಯ ಪ್ಲೈ ಟಣ್ ಎನ್ನುತ್ತದೆ, ಪದರ ಬಿಟ್ಟದ್ದು ಹಣ್ಣಾದ ಹಲಸಿನಂತೆ ಮಂದವಾಗಿ ಸದ್ದು ಮಾಡುತ್ತದೆ. ಸೆಂಟರ್‌ಬೋರ್ಡಿನ ಪೆಟ್ಟಿಗೆಯ ಬುಡ, ಕೂವೆಮರ ಕೂರುವ ಜಾಗ, ಚುಕ್ಕಾಣಿ ತೂಗುವ ಹಿಂಬದಿಯ ಹಲಗೆಯ ಕೆಳ ಅಂಚು, ಈ ಮೂರು ಕಡೆ ತಟ್ಟಿದರೆ ಸಾಲದು, ಚೂಪಾದ ಉಳಿಯ ಮೂಲೆಯಿಂದ ಒತ್ತಿಯೂ ನೋಡಬೇಕು.

ನಮ್ಮ ಕಡೆ ಹೆಬ್ಬಲಸಿನ ದೋಣಿಗಳಿಗೆ ಗೇರೆಣ್ಣೆ ಹಚ್ಚುವುದು ಹಿಂದಿನಿಂದ ಬಂದದ್ದು. ಇಡಿಮರಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ನಿಮ್ಮದು ಪ್ಲೈ. ಎಣ್ಣೆ ಕುಡಿದ ಮರಕ್ಕೆ ಎಪಾಕ್ಸಿ ಅಂಟು ಹಿಡಿಯುವುದಿಲ್ಲ, ಒಮ್ಮೆ ಹಚ್ಚಿದರೆ ಮುಂದೆ ಎಂದೂ ಸರಿಯಾಗಿ ಅಂಟಿಸಲಾಗದು. ಪ್ಲೈ ನೀರು ಕುಡಿಯುವುದು ಅಂಚಿನಿಂದ ಮತ್ತು ಸ್ಕ್ರೂ ತೂತುಗಳಿಂದ. ಮಳೆಗಾಲದ ತೇವ ಪೂರ್ತಿ ಆರಿದ ಮೇಲೆ ಪ್ರತಿ ಅಂಚಿಗೆ ಮೂರು ಸಲ ಎಪಾಕ್ಸಿ ಕುಡಿಸಿ. ಜುಲೈಯ ಗಾಳಿಯಲ್ಲಿ ಈ ಕೆಲಸ ಮಾಡಬೇಡಿ, ಬಿಸಿಲು ಬೀಳುವವರೆಗೆ ಕಾಯಿರಿ.

ಹಲಗೆ ಬದಲಿಸಬೇಕಾಗಿ ಬಂದರೆ ಐಎಸ್ 710 ಗುರುತಿನ ಮೆರೈನ್ ಪ್ಲೈಯನ್ನೇ ಕೊಳ್ಳಿ, ಆದರೆ ಗುರುತನ್ನಷ್ಟೇ ನಂಬಬೇಡಿ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಿಂದ ಆ ಮುದ್ರೆಯಿದ್ದ ನಾಲ್ಕು ಹಾಳೆ ತಂದು ಒಬ್ಬರ ದೋಣಿಯ ತಳ ಕಟ್ಟಿಕೊಟ್ಟೆ. ಒಂದೇ ಮಳೆಗಾಲಕ್ಕೆ ಅದು ಹಳೆಯ ಪುಸ್ತಕದಂತೆ ಹಾಳೆಹಾಳೆಯಾಗಿ ಬಿಚ್ಚಿಕೊಂಡಿತು. ಕೂಲಿ ಬಿಟ್ಟು ಮತ್ತೊಮ್ಮೆ ಕಟ್ಟಿಕೊಟ್ಟೆ, ಆ ನೋವು ಈಗಲೂ ಇದೆ. ನಿಯಮದ ಪ್ರಕಾರ ಆ ದರ್ಜೆಯ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಅಂದಿನಿಂದ ನಾನು ಹಾಳೆ ಕೊಳ್ಳುವ ಮೊದಲು ಒಂದು ಗೇಣು ತುಂಡು ಕೇಳಿ ತಂದು, ಕಲ್ಲು ಕಟ್ಟಿ ಬಚ್ಚಲಿನ ಹಂಡೆಯಲ್ಲಿ ಮುಳುಗಿಸಿ, ಮೂರು ದಿನ ಸ್ನಾನದ ಒಲೆಯ ಜೊತೆಗೇ ಕುದಿಸುತ್ತೇನೆ. ರಾತ್ರಿ ಒಲೆ ಆರುತ್ತದೆ, ಹಾಗಾಗಿ ಅದು ಪೂರ್ತಿ ಪರೀಕ್ಷೆಯಲ್ಲ. ಆದರೆ ಮೋಸದ ಮಾಲು ಎರಡನೇ ದಿನವೇ ಬಾಯಿ ಬಿಡುತ್ತದೆ.

ಶಿರಿಯಾ ಹೊಳೆಬದಿ (ಅಕ್ಟೋಬರಿನಲ್ಲಿ ಬರೆದದ್ದು)

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನವರಾತ್ರಿ ಕಳೆದ ಮೇಲಿನ ಭಾನುವಾರ ಶಿರಿಯಾ ಹೊಳೆಯಲ್ಲಿ ದೋಣಿಯನ್ನು ಮಗುಚಿದೆವು. ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ನಾಡದೋಣಿಯಲ್ಲಿ ಪಕ್ಕದಲ್ಲೇ ಇದ್ದರು.

ಮೊದಲ ಸಲ ಹನ್ನೊಂದು ನಿಮಿಷ ಬೇಕಾಯಿತು. ದೋಣಿ ಏಳುವ ಮೊದಲೇ ಚುಕ್ಕಾಣಿ ತನ್ನ ಕೀಲಿನಿಂದ ಮೇಲಕ್ಕೆ ಜಾರಿ, ಕಳಚಿ, ತೇಲಿಕೊಂಡು ಹೋಯಿತು. ಹುಡುಗರು ಹಿಡಿದು ತಂದರು. ಕವ್ವಾಯಿಯಲ್ಲಾಗಿದ್ದರೆ ಅದು ಹೋದಂತೆಯೇ. ಈಗ ಅಡ್ಡ ಪಿನ್ನು ಹಾಕಿಸಿ, ಒಂದು ಹಗ್ಗದಿಂದಲೂ ಬಿಗಿದಿದ್ದೇನೆ. ಹಿಂದಿನ ತೊಟ್ಟಿಯೊಳಗೆ ಅರ್ಧ ಬಕೆಟ್ ನೀರು ಸೇರಿತ್ತು. ಮುಚ್ಚಳದ ರಬ್ಬರು ಗಟ್ಟಿಯಾಗಿ ಬಿರಿದಿದ್ದದ್ದು ಹೊಸ ಬಣ್ಣದ ಅಡಿಯಲ್ಲಿ ಕಂಡಿರಲಿಲ್ಲ. ಭಾವನಿಗೆ ಒಳಗೆ ಹತ್ತಲು ಆಗಲೇ ಇಲ್ಲ. ಹಗ್ಗದ ಮೆಟ್ಟಿಲು ಕಟ್ಟಿದ ಮೇಲೆ ಎರಡನೇ ಪ್ರಯತ್ನ ಆರು ನಿಮಿಷ, ಮೂರನೆಯದು ನಾಲ್ಕು. ಸಾಮಾನಿನ ತೂಕ ತುಂಬಿ ಮಾಡಿದಾಗ ಮತ್ತೆ ಒಂಬತ್ತಕ್ಕೆ ಏರಿತು. ಆದ್ದರಿಂದ ಸಾಮಾನನ್ನು ಅರ್ಧಕ್ಕೆ ಇಳಿಸಿದ್ದೇವೆ. ಸ್ಟೌ, ಎರಡು ಕುರ್ಚಿ, ದೊಡ್ಡ ಪಾತ್ರೆಗಳು ಮನೆಯಲ್ಲೇ ಉಳಿಯುತ್ತವೆ, ಊಟ ದಡದ ಹೋಟೆಲುಗಳಲ್ಲಿ.

ಎರಡು ರೀಫ್‌ಗಳನ್ನು ಕಾಸರಗೋಡಿನಲ್ಲಿ ಟಾರ್ಪಾಲು ಹೊಲಿಯುವವರೊಬ್ಬರು ಹೊಲಿದುಕೊಟ್ಟಿದ್ದಾರೆ. ಹಾಯಿಯ ಹಳೆಯ ದಾರ ಬಿಸಿಲಿಗೆ ಸುಟ್ಟು ಉಗುರಿಗೇ ಕಿತ್ತುಬರುತ್ತಿದೆ ಎಂದು ತೋರಿಸಿದವರೂ ಅವರೇ. ಎಲ್ಲ ಹೊಲಿಗೆಗಳ ಮೇಲೆ ಮತ್ತೊಂದು ಸಾಲು ಹಾಕಿಸಿದೆ. ಬಡಗಿಯವರು ಹೇಳಿದಂತೆ ತಟ್ಟಿ ನೋಡಿದಾಗ ಸೆಂಟರ್‌ಬೋರ್ಡ್ ಪೆಟ್ಟಿಗೆಯ ಎಡಬದಿಯಲ್ಲಿ ಒಂದು ಅಂಗೈಯಷ್ಟು ಜಾಗ ಮಂದವಾಗಿ ಕೇಳಿಸಿತು. ಬಿಚ್ಚಿದರೆ ಒಳಗೆ ಕಪ್ಪಾಗಿತ್ತು. ತುಂಡು ಹಾಕಿಸುವ ಪ್ಲೈ ಇಂದು ನಮ್ಮ ಹಂಡೆಯಲ್ಲಿ ಎರಡನೇ ದಿನ ಕುದಿಯುತ್ತಿದೆ, ಇದುವರೆಗೆ ಪದರ ಬಿಟ್ಟಿಲ್ಲ.

ಕೂವೆಮರಕ್ಕೆ ಕೀಲು ಕೂರಿಸಿಯಾಗಿದೆ. ನೀರಿನ ಮೇಲೆ ಇಳಿಸಲು ನಮಗಿಬ್ಬರಿಗೆ ಈಗ ಐದು ನಿಮಿಷ ಬೇಕು. ಸೇತುವೆಯ ಕಡೆ ಸೆಳೆತವಿದ್ದರೆ ಅಷ್ಟು ಹೊತ್ತು ಸಿಗದು, ಡಿಸೆಂಬರಿನೊಳಗೆ ಎರಡು ನಿಮಿಷಕ್ಕೆ ತರಬೇಕು. ತೇಜಸ್ವಿನಿ ದಡದ ತಮ್ಮಾ, ದಾರಿ ನೋಡಲು ಕರೆದಿದ್ದೀರಿ. ಪಚ್ಚಿಲೆಯ ಕಂಬಗಳು ನೆಟ್ಟಾದ ಮೇಲೆ, ಡಿಸೆಂಬರಿನ ಎರಡನೇ ವಾರದಲ್ಲಿ, ಇಳಿತದ ಹೊತ್ತಿಗೆ ಬಂದರೆ ಎಲ್ಲ ಸಾಲುಗಳೂ ಕಾಣಬಹುದಲ್ಲವೇ? ಭಾವನೂ ಬರುತ್ತಾನೆ, ನಕ್ಷೆ ಹಿಡಿದುಕೊಳ್ಳುವ ಕೆಲಸ ಅವನದು.

ತೇಜಸ್ವಿನಿ ದಡ

ಆ ವಾರವೇ ಸರಿ, ಮಾಸ್ಟ್ರೇ. ಕೋಟ್ಟಪುರಂ ಕಡವಿನಲ್ಲಿ ಕಾಯುತ್ತೇನೆ. ತಂತಿಗಳ ಎತ್ತರವನ್ನು ಕಣ್ಣಳತೆಯಲ್ಲಿ ಹೇಳಲು ನನಗೆ ಧೈರ್ಯವಿಲ್ಲ. ಕೋನ ಅಳೆದು ಲೆಕ್ಕ ಹಾಕುವ ಸಾಧನ ನಿಮ್ಮಲ್ಲಿದ್ದರೆ ಮರೆಯದೆ ತನ್ನಿ. ಉಬ್ಬರ ತುಂಬಿದಾಗ ನೀರು ಎಲ್ಲಿಯವರೆಗೆ ಏರುತ್ತದೆಂಬ ಗುರುತು ಸೇತುವೆಯ ಕಂಬಗಳಲ್ಲೇ ಇದೆ, ಅದನ್ನು ನಾನು ತೋರಿಸುತ್ತೇನೆ.